ಭೀಮರಾಜನ ಕತ್ತಿಯ ತುಕ್ಕು

ಆಯುಧಪೂಜೆಯ ದಿನ ಬೆಳಗ್ಗೆ ಭೀಮರಾಜ್ ತನ್ನ ಜಪಾನಿ ಕತ್ತಿಯ ಹಿಡಿ ಬಿಚ್ಚಿ, ಹಾಲ್‌ನ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಬರಿಯ ಕತ್ತಿಯನ್ನು ಮಲಗಿಸಿ ಆಫೀಸಿಗೆ ಹೋದ. ಅನಾಹುತಕ್ಕೆ ಅಷ್ಟು ಸಾಕಾಯಿತು.

ಹಾಗೆ ನೋಡಿದರೆ ಅದನ್ನು ಕತ್ತಿ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಕತ್ತಿ ಅಲ್ಲ, ಕಟಾನ" ಎಂದು ತಿದ್ದುತ್ತಿದ್ದ. ಅರಸೀಕೆರೆ ರೈಲ್ವೆ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಈ ಮನುಷ್ಯ ಜನ್ಮದಲ್ಲಿ ಒಂದು ಕೋಳಿ ಕೊಯ್ದವನಲ್ಲ. ಬೆರಳಿಗೆ ಗುಂಡುಪಿನ್ನು ತಾಗಿದರೂ ಇಂಜೆಕ್ಷನ್ ಹಾಕಿಸಿಕೊಳ್ಳಲು ಓಡುವ ಪೈಕಿ. ಆದರೆ ಜಪಾನಿನ ಹಳೆಯ ಕತ್ತಿಗಳ ಮಾತು ಬಂದರೆ ಮಾತ್ರ ಮೈಮೇಲೆ ಬಂದವನಂತೆ ಆಡುತ್ತಿದ್ದ. ಉಕ್ಕನ್ನು ಹೇಗೆ ಮಡಚಿ ಮಡಚಿ ಬಡಿಯುತ್ತಾರೆ, ಅಲಗಿನ ಅಂಚಿನಲ್ಲಿ ಹರಿದಾಡುವ ಬೆಳ್ಳನೆಯ ಅಲೆಗೆರೆ ನೋಡಿ ಅದು ಯಾವ ಸೀಮೆಯ ಕಮ್ಮಾರನ ಕೈಕೆಲಸವೆಂದು ಹೇಗೆ ಹೇಳುತ್ತಾರೆ ಎಂಬುದನ್ನೆಲ್ಲ ಪಾರ್ಸೆಲ್ ಬಿಡಿಸಿಕೊಳ್ಳಲು ಬಂದವರ ಮುಂದೆ ಬಿಚ್ಚಿಡುತ್ತಿದ್ದ. ಅವರೂ ಪಾರ್ಸೆಲ್ ಕೈಗೆ ಬರುವ ತನಕ ತಲೆಯಾಡಿಸುತ್ತಿದ್ದರು.

ವರ್ಷಗಟ್ಟಲೆ ಮೊಬೈಲಿನಲ್ಲಿ ಚಿತ್ರ ನೋಡಿ ಜೊಲ್ಲು ಸುರಿಸಿದವನಿಗೆ ನಿಜವಾದ ಕಟಾನ ಸಿಕ್ಕಿದ್ದು ಗೆಂಡೆಹಳ್ಳಿಯಲ್ಲಿ. ದ್ಯಾವಮ್ಮ ಎಂಬ ಮುದುಕಿಯ ಮನೆಯಲ್ಲಿ ಹಲಸಿನ ಹಣ್ಣು ತಿನ್ನಲು ಕೂತಿದ್ದ. ಆಕೆ ಹಣ್ಣು ಸೀಳಿದ ಆಯುಧವನ್ನು ಕಂಡು ಇವನ ಬಾಯಿಗೆ ಹೊರಟ ತೊಳೆ ಅರ್ಧದಲ್ಲೇ ನಿಂತಿತು. ದ್ಯಾವಮ್ಮನ ಮಾವ ಹಿಂದೆ ಯುದ್ಧದ ಕಾಲದಲ್ಲಿ ಬರ್ಮಾಕ್ಕೆ ಹೋಗಿದ್ದ ಸಿಪಾಯಿ. ಸೋತ ಜಪಾನಿ ಅಧಿಕಾರಿಯೊಬ್ಬನ ಕತ್ತಿಯನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಊರಿಗೆ ತಂದಿದ್ದನಂತೆ. ಅಂದಿನಿಂದ ಅದು ಹಲಸು ಸೀಳುತ್ತಾ ಬಾಳೆಗೊನೆ ಕಡಿಯುತ್ತಾ ಸಂಸಾರ ಮಾಡಿಕೊಂಡಿತ್ತು. ಭೀಮರಾಜ್ ಎರಡು ಹೊಸ ಮಚ್ಚು, ಒಂದು ಕುಡುಗೋಲು, ಮೇಲೊಂದು ಮಿಕ್ಸಿ ಕೊಟ್ಟು ಅದನ್ನು ಬಿಡಿಸಿಕೊಂಡು ಬಂದ. ಅವನನ್ನು ಬಸ್ಸು ಹತ್ತಿಸಿದ ದ್ಯಾವಮ್ಮ, "ಈವಯ್ಯನ್ನ ವಸಿ ಜ್ವಾಪಾನವಾಗಿ ಇಳಿಸಪ್ಪ" ಎಂದು ಕಂಡಕ್ಟರನಿಗೆ ಹೇಳಿ ಕಳಿಸಿದಳು.

ಮನೆಗೆ ಬಂದ ಕತ್ತಿಗೆ ಹಸುಗೂಸಿಗೆ ಆಗುವಷ್ಟು ಉಪಚಾರ ನಡೆಯಿತು. ಅಲಗಿಗೆ ಲವಂಗದ ಎಣ್ಣೆಯನ್ನೇ ಸವರಬೇಕೆಂದು ಪುಸ್ತಕದಲ್ಲಿತ್ತು. ಮೆಡಿಕಲ್ ಸ್ಟೋರಿನಲ್ಲಿ ಹಲ್ಲುನೋವಿಗೆ ಕೊಡುವ ಪುಟ್ಟ ಸೀಸೆಗಳನ್ನೆಲ್ಲ ಇವನೇ ಖಾಲಿ ಮಾಡಿದ. ಎಂಜಲು ಹಾರಬಾರದೆಂದು ತುಟಿಯಲ್ಲಿ ಕಾಗದ ಕಚ್ಚಿಕೊಂಡು ಅಲಗು ಒರೆಸುತ್ತಿದ್ದುದನ್ನು ಕಿಟಕಿಯಿಂದ ಕಂಡ ಬೀದಿಯವರು, ಇವನು ಯಾವುದೋ ಮೌನವ್ರತ ಹಿಡಿದಿದ್ದಾನೆ ಎಂದು ಮಾತಾಡಿಕೊಂಡರು.

ಹೆಂಡತಿ ಯಶೋಧರಾ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವಳು, ಸುತ್ತಿ ಬಳಸಿ ಮಾತಾಡುವವಳಲ್ಲ.

"ಶೋಕೇಸಲ್ಲಿ ಮೇಲೆ ಬುದ್ಧ, ಕೆಳಗೆ ಕತ್ತಿ. ನೋಡಿದೋರು ಏನಂದ್ಕೋತಾರ್ರೀ?"

"ಇದು ಕಲೆ ಕಣೇ. ನೂರಾರು ವರ್ಷದ್ದು."

"ಯಾರು ಹೇಳಿದ್ದು? ದ್ಯಾವಮ್ಮನಾ?"

ಭೀಮರಾಜ್ ಆ ರಾತ್ರಿಯೇ ಬೆಂಗಳೂರಿನ ಮಹಾಂತೇಶ್ ಅವರಿಗೆ ಬರೆದ. ಮಹಾಂತೇಶ್ ಕೆಲಸದ ಮೇಲೆ ಹಲವು ವರ್ಷ ಜಪಾನಿನಲ್ಲಿದ್ದು ಬಂದ ನಿವೃತ್ತ ಎಂಜಿನಿಯರ್, ಜಪಾನಿ ಖಡ್ಗಾಭಿಮಾನಿಗಳ ವಾಟ್ಸಾಪ್ ಗುಂಪಿನ ಅಧ್ಯಕ್ಷರು. ಅವರು 'ಅಸಲಿ' ಎಂದರೆ ಅಸಲಿ, 'ನಕಲಿ' ಎಂದರೆ ಆ ಕತ್ತಿಯ ಬಾಳು ಅಲ್ಲಿಗೆ ಮುಗಿಯಿತು. ದಸರಾ ರಜೆಯಲ್ಲಿ ಬೇಲೂರು, ಹಳೇಬೀಡು ನೋಡಿಕೊಂಡು ಆಯುಧಪೂಜೆಯ ಸಂಜೆ ಅರಸೀಕೆರೆಗೆ ಬರುವುದಾಗಿ ಅವರು ಒಪ್ಪಿಕೊಂಡರು.

ಯಶೋಧರಾ ಕೂಡಲೇ ಷರತ್ತು ಹಾಕಿದಳು. "ಅವ್ರು ಅಸಲಿ ಅಂದ್ರೆ ಅದು ಶೋಕೇಸಲ್ಲೇ ಇರ್ಲಿ, ನಾನು ಜನ್ಮದಲ್ಲಿ ಒಂದು ಮಾತಾಡಲ್ಲ. ನಕಲಿ ಅಂದ್ರೆ ಮಾರನೇ ದಿನವೇ ಗುಜರಿ ಗಾಡಿಗೆ. ಆಮೇಲೆ ಮಾತು ಬದಲಾಯಿಸಬಾರ್ದು."

"ಬದಲಾಯಿಸಲ್ಲ" ಎಂದು ಭೀಮರಾಜ್ ಮಾತು ಕೊಟ್ಟ. ಅಸಲಿ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಷ್ಟು ಧೈರ್ಯ ಕೊಟ್ಟದ್ದು ಕತ್ತಿಯ ತುಕ್ಕು. ಜಪಾನಿ ಕತ್ತಿಗೆ ಹಿಡಿಯೊಳಗೆ ಅಡಗಿ ಕೂರುವ ಒಂದು ಬಾಲವಿರುತ್ತದೆ. ಅಲಗನ್ನು ಎಷ್ಟು ಬೇಕಾದರೂ ಹೊಳೆಯಿಸಬಹುದು, ಬಾಲವನ್ನು ಮಾತ್ರ ಮುಟ್ಟುವಂತಿಲ್ಲ. ಅಲ್ಲಿ ಶತಮಾನಗಟ್ಟಲೆ ಕೂತ ಕಪ್ಪು ತುಕ್ಕೇ ಕತ್ತಿಯ ವಯಸ್ಸಿಗೆ ಸಾಕ್ಷಿ. ಭೀಮರಾಜನ ಕತ್ತಿಯಲ್ಲಿ ಕಮ್ಮಾರನ ಹೆಸರು ಕೊರೆದಿರಲಿಲ್ಲವಾದ್ದರಿಂದ ಅದಕ್ಕೆ ಆ ತುಕ್ಕನ್ನು ಬಿಟ್ಟರೆ ಬೇರೆ ಸಾಕ್ಷಿಯೂ ಇರಲಿಲ್ಲ. ಇದನ್ನೆಲ್ಲ ಹೆಂಡತಿಗೆ ಮತ್ತೆ ಮತ್ತೆ ಹೇಳಿದ್ದ. ಅತ್ತೆಗೆ ಹೇಳಿರಲಿಲ್ಲ, ಏಕೆಂದರೆ ಅತ್ತೆ ಹನುಮಮ್ಮ ಆ ದಿನ ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಅಳಿಯ ಆಫೀಸಿಗೆ, ಮಗಳು ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತಿನಲ್ಲಿ ಹನುಮಮ್ಮ ಹಾರನಹಳ್ಳಿಯಿಂದ ಟೆಂಪೋದಲ್ಲಿ ಬಂದಿಳಿದು, ಪಕ್ಕದ ಮನೆಯಲ್ಲಿ ಕೊಟ್ಟಿದ್ದ ಬೀಗದ ಕೈ ಪಡೆದು ಒಳಗೆ ಹೋದರು.

ಪಾರ್ಸೆಲ್ ಆಫೀಸಿನಲ್ಲಿ ತಳ್ಳುಗಾಡಿಗಳಿಗೆ ಹೂ ಹಾಕಿ, ತೂಕದ ಯಂತ್ರಕ್ಕೆ ಕುಂಕುಮವಿಟ್ಟು, ಎಲ್ಲರೂ ಕಡಲೆಪುರಿ ಹಂಚಿಕೊಳ್ಳುತ್ತಿದ್ದಾಗ ಭೀಮರಾಜನ ಮೊಬೈಲಿಗೆ ಒಂದು ಚಿತ್ರ ಬಂತು. ಕಳಿಸಿದವನು ಪಕ್ಕದ ಮನೆಯ ಹೊನ್ನಯ್ಯ, ವೆಲ್ಡಿಂಗ್ ಶಾಪಿನ ಯಜಮಾನ. ಚಿತ್ರದಲ್ಲಿ ಸುತ್ತಿಗೆ, ಸ್ಪ್ಯಾನರ್, ಕುಡುಗೋಲು, ಈಳಿಗೆಮಣೆಗಳ ಸಾಲಿನಲ್ಲಿ ಭೀಮರಾಜನ ಕಟಾನ ಚೆಂಡುಹೂವಿನ ಹಾರ ಹಾಕಿಕೊಂಡು ಮಲಗಿತ್ತು. 'ನಿಮ್ದುಕ್ಕೂ ಪೂಜೆ ಆಯ್ತು ಭೀಮಣ್ಣ' ಎಂದು ಕೆಳಗೆ ಬರೆದಿದ್ದ. ಭೀಮರಾಜ್ ಚಿತ್ರವನ್ನು ಹಿಗ್ಗಿಸಿ ಬಾಲದ ಕಡೆ ನೋಡಿದ. ಹಾರದಡಿಯಿಂದ ಇಣುಕಿದ ಬಾಲ ಹೊಸ ಸ್ಟೀಲ್ ಲೋಟದಂತೆ ಥಳಥಳಿಸುತ್ತಿತ್ತು. ಕಡಲೆಪುರಿಯ ಪೊಟ್ಟಣ ಕೈಯಲ್ಲಿರುವಂತೆಯೇ ಅವನು ಮನೆಗೆ ಓಡಿದ.

ಹನುಮಮ್ಮ ಹಿತ್ತಲ ಕಲ್ಲಿನ ಹತ್ತಿರ ಕೈ ತೊಳೆಯುತ್ತಾ ನಿಂತಿದ್ದರು. ಪಕ್ಕದಲ್ಲಿ ಹುಣಸೆಹಣ್ಣಿನ ಬಟ್ಟಲು, ಇಟ್ಟಿಗೆ ಪುಡಿ, ತೆಂಗಿನ ನಾರು.

"ಬಂದ್ರಾ ಅಳಿಯಂದ್ರೆ? ಅಲ್ಲ, ಅಷ್ಟು ಚೆಂದಾಗಿರೋ ಕತ್ತಿನ ಹಿಂಗಾ ಮಡಿಕ್ಕಳದು? ಒಂದು ಕಡೆ ಕನ್ನಡಿ ಹಂಗೈತೆ, ಇನ್ನೊಂದು ಕಡೆ ಕರ್ರಗೆ ತುಕ್ಕು. ಆಯ್ದಪೂಜೆ ದಿನ ತುಕ್ಕು ಹಿಡಿದ ಕಬ್ಬಿಣ ಮನೇಲಿ ಇರಬಾರ್ದು. ನನ್ನ ರಟ್ಟೆ ಬಿದ್ದೋಯ್ತು, ಆದ್ರೂ ಬಿಡನಿಲ್ಲ ನೋಡಿ. ಹೊನ್ನಯ್ಯನ ಪೂಜೆಗೂ ಮಡಗಿ ಈಗ್ತಾನೆ ತಂದೆ."

ಭೀಮರಾಜ್ ಉಜ್ಜಿದ ಬಾಲವನ್ನು ಹತ್ತಿರದಿಂದ ನೋಡಲೂ ಮನಸ್ಸಾಗದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕೂಗಾಡಲು ಬಾಯಿ ತೆರೆದರೆ ಎದುರಿಗಿರುವುದು ಅತ್ತೆ. ಅಳೋಣವೆಂದರೆ ಕಾಂಪೌಂಡಿನ ಮೇಲೆ ಹೊನ್ನಯ್ಯನ ತಲೆ. ಕೊನೆಗೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಆ ಹೊತ್ತಿಗೆ ಸೊಪ್ಪಿನ ಚೀಲ ಹಿಡಿದು ಬಂದ ಯಶೋಧರಾಳಿಗೆ ನಡೆದದ್ದು ಒಂದೇ ನೋಟಕ್ಕೆ ತಿಳಿಯಿತು. ಕತ್ತಿಯ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲ ನಿಜ, ಆದರೆ ತನ್ನ ತಾಯಿಯ ಕೈಯಿಂದ ಗಂಡನ ಆಸೆ ಮಣ್ಣಾದದ್ದು ಅವಳಿಗೆ ನಾಚಿಕೆಯೆನಿಸಿತು.

"ಆ ಸಾರ್ ಬರೋದು ಸಂಜೆಗೆ ತಾನೆ? ಅಷ್ಟರಲ್ಲಿ ಏನಾದ್ರೂ ಮಾಡೋಕಾಗುತ್ತಾ?" ಎಂದಳು.

"ಹೋದ ತುಕ್ಕನ್ನ ಎಲ್ಲಿಂದ ತರ್ಲಿ?"

"ತುಕ್ಕು ಬೇಕಾ? ಅದಕ್ಯಾಕೆ ಭೀಮಣ್ಣ ಇಷ್ಟು ಗೋಳು" ಎಂದು ಹೊನ್ನಯ್ಯ ಕಾಂಪೌಂಡು ಹಾರಿಯೇ ಬಂದ. "ನಮ್ಮ ಶಾಪಲ್ಲಿ ಬ್ಯಾಡಾ ಬ್ಯಾಡಾ ಅಂದ್ರೂ ಹಿಡ್ಕತದೆ."

ಗಲಾಟೆ ಕೇಳಿ ಎದುರು ಮನೆಯ ಹೇಮಲತಾ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ವಿಷಯ ಕೇಳುತ್ತಲೇ ಆಕೆಯ ಕಣ್ಣು ಅರಳಿತು. "ಗಾಯ ತೊಳಿಯೋ ಪೆರಾಕ್ಸೈಡ್ ಇದ್ಯಲ್ಲ ಅಣ್ಣಾ, ಅದಕ್ಕೆ ಉಪ್ಪು, ಒಂಚೂರು ವಿನೆಗರ್. ಕಣ್ಣೆದುರಿಗೇ ತುಕ್ಕು ಬರುತ್ತೆ. ವರ್ಷಾ ವರ್ಷ ಮಕ್ಕಳ ಹತ್ರ ಮಾಡಿಸ್ತೀನಿ."

ಹೀಗೆ ಬೆಳಗ್ಗೆಯೆಲ್ಲ ತುಕ್ಕು ತೆಗೆದ ಬೀದಿ ಮಧ್ಯಾಹ್ನ ತುಕ್ಕು ಹಿಡಿಸಲು ಸೊಂಟ ಕಟ್ಟಿ ನಿಂತಿತು. ಅಲಗಿಗೆ ಪ್ಲಾಸ್ಟಿಕ್ ಸುತ್ತಿ, ಬಾಲವನ್ನು ಬಕೆಟ್ಟಿನ ಮೇಲೆ ಹಿಡಿದು, ಹೇಮಲತಾ ಔಷಧಿ ಸುರಿದಳು. ಬಾಲ ಬುಸಬುಸ ನೊರೆಯೆದ್ದು ನೋಡನೋಡುತ್ತ ಕೆಂಪಗಾಯಿತು. ಎಲ್ಲರೂ ಸಂತೋಷಪಟ್ಟರು, ಭೀಮರಾಜ್ ಒಬ್ಬನ ಮುಖ ಇನ್ನಷ್ಟು ಇಳಿಯಿತು.

"ಕಿತ್ತಳೆ ಬಣ್ಣ ಬಂತಲ್ಲ ಟೀಚರೇ. ಹಳೇ ತುಕ್ಕು ಕಪ್ಪಗಿರುತ್ತೆ."

"ಕಪ್ಪು ಮಾಡಾಕೆ ನನ್ನ ಗ್ಯಾಸ್ ಟಾರ್ಚ್ ಐತಲ್ಲ" ಎಂದ ಹೊನ್ನಯ್ಯ.

"ಬೆಂಕಿ ತೋರಿಸಿದ್ರೆ ಅಲಗಿನ ಹದ ಹೋಗುತ್ತೆ. ನನ್ನ ಹೆಣದ ಮೇಲೆ ತೋರ್ಸು" ಎಂದು ಭೀಮರಾಜ್ ಕತ್ತಿಗೆ ಅಡ್ಡ ನಿಂತ.

ಆಗ ಹನುಮಮ್ಮ, "ಸೀರೆ ಮ್ಯಾಲೆ ಕಾಫಿ ಡಿಕಾಕ್ಸನ್ ಬಿದ್ರೆ ಸಾಯೋಗಂಟ ಹೋಗಾಕಿಲ್ಲ. ಅದ್ರಾಗೆ ಅದ್ದಿ ನೋಡನ" ಎಂದು ತಾವೇ ಒಳಗೆ ಹೋಗಿ ಗಟ್ಟಿ ಡಿಕಾಕ್ಷನ್ ಇಳಿಸಿ ತಂದರು. ಅದ್ದಿದರು, ಹೇಮಲತಾಳ ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದರು, ಮತ್ತೆ ಔಷಧಿ, ಮತ್ತೆ ಡಿಕಾಕ್ಷನ್. ಕಿತ್ತಳೆ ಕಂದಾಯಿತು, ಕಂದು ಕಪ್ಪಾಯಿತು. ಇಷ್ಟು ಸಾಕು ಎಂದು ಭೀಮರಾಜ್ ಹೇಳಿದರೂ ಯಾರೂ ಕೇಳಲಿಲ್ಲ. ಹೇಮಲತಾ "ಇನ್ನೊಂದೇ ಕೋಟ್" ಎಂದಳು, ಹನುಮಮ್ಮ "ಹಬ್ಬದ ದಿನ ಜಿಪುಣತನ ಯಾಕೆ" ಎಂದರು. ಮಹಾಂತೇಶ್ ಹಳೇಬೀಡು ಬಿಟ್ಟೆನೆಂದು ಫೋನ್ ಮಾಡುವ ಹೊತ್ತಿಗೆ ಬಾಲ ಹಳೇ ಕಾವಲಿಯ ತಳದ ಹಾಗೆ ಕರಿಕಟ್ಟಿ ಕೂತಿತ್ತು.

ಕಾರು ಬಂದು ನಿಂತಿತು. ಮಹಾಂತೇಶ್ ಬೆಳ್ಳಿಕೂದಲಿನ, ಮೆಲ್ಲಗೆ ಮಾತಾಡುವ ಗಂಭೀರ ಮನುಷ್ಯ. ಬಿಳಿ ಕೈಗವಸು ಹಾಕಿ, ತುಟಿಯಲ್ಲಿ ಕಾಗದ ಕಚ್ಚಿ, ಭೂತಗನ್ನಡಿ ಹಿಡಿದು ಬಾಲದ ಮೇಲೆ ಬಾಗಿದರು. ಹೊನ್ನಯ್ಯ, ಹೇಮಲತಾ ಬಾಗಿಲಲ್ಲಿ ನಿಂತಿದ್ದರು. ಮಹಾಂತೇಶ್ ಬಾಲವನ್ನು ಮೂಗಿನ ಹತ್ತಿರ ತಂದು ಮೂಸಿದರು. ಬಾಯಿಂದ ಕಾಗದ ತೆಗೆದರು.

"ಕಾಫಿ ವಾಸನೆ ಬರ್ತಿದೆಯಲ್ಲ?"

"ನಿಮಗೇ ಮಾಡ್ತಿದ್ದೆ ಸಾರ್" ಎಂದು ಯಶೋಧರಾ ಅಡುಗೆಮನೆಗೆ ಓಡಿದಳು.

ಮಹಾಂತೇಶ್ ಮತ್ತೆ ಬಾಗಿದರು. ಬಹಳ ಹೊತ್ತಾದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮಿಸ್ಟರ್ ಭೀಮರಾಜ್, ಜಪಾನಿನ ಮ್ಯೂಸಿಯಂಗಳಲ್ಲೂ ನಾನು ಇಂಥ ತುಕ್ಕು ನೋಡಿಲ್ಲ. ಪದರ ಪದರವಾಗಿ ಹೇಗೆ ಕೂತಿದೆ ನೋಡ್ರಿ. ನಾನೂರು ವರ್ಷಕ್ಕೆ ಕಮ್ಮಿ ಇಲ್ಲ. ಇದನ್ನ ಮನುಷ್ಯನ ಕೈಯಲ್ಲಿ ಮಾಡೋಕೆ ಸಾಧ್ಯವೇ ಇಲ್ಲ."

ಹೇಮಲತಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೊನ್ನಯ್ಯ ಕೆಮ್ಮುತ್ತಾ ಹೊರಗೆ ಹೋದ. ಭೀಮರಾಜನ ಎದೆ ಮಾತ್ರ ಉಬ್ಬಿತು. ಆ ತುಕ್ಕು ಬಕೆಟ್ಟಿನಲ್ಲಿ ಹುಟ್ಟಿದ್ದೆಂಬುದು ಒಂದು ಗಳಿಗೆ ಅವನಿಗೇ ಮರೆತುಹೋಗಿತ್ತು.

"ಹಾಗಾದ್ರೆ ಅಸಲಿ ಅಲ್ವಾ ಸಾರ್?"

ಮಹಾಂತೇಶ್ ಅಲಗಿನ ಕಡೆ ತಿರುಗಿದರು. ಮೇಲಿಂದ ಕೆಳಗೆ ನೋಡಿ ಅಡ್ಡಡ್ಡ ತಲೆಯಾಡಿಸಿದರು. "ಬಾಲ ಅಸಲಿ. ಅಲಗು ನಕಲಿ. ಇಷ್ಟು ಹಳೇ ಬಾಲಕ್ಕೂ ಇಷ್ಟು ಎಳೇ ಅಲಗಿಗೂ ಹೊಂದಿಕೆಯೇ ಆಗ್ತಿಲ್ಲ. ಯಾರೋ ಮೋಸಗಾರರು ಹಳೇ ಕತ್ತಿಯ ಬಾಲ ಕತ್ತರಿಸಿ ಹೊಸ ಅಲಗಿಗೆ ಬೆಸೆದಿದಾರೆ. ಇಂಥ ಕೇಸು ನಾನು ಕಂಡಿದೀನಿ."

ಕಾಫಿ ತಂದ ಯಶೋಧರಾ ತಟ್ಟೆ ಕೆಳಗಿಟ್ಟಳು. "ಅಂದ್ರೆ ಹಿಂದಿನ ತುಂಡು ಅಸಲಿ, ಮುಂದಿನ ಉದ್ದದ್ದು ನಕಲಿ?"

"ಕರೆಕ್ಟ್ ಮೇಡಂ."

"ಒಪ್ಪಂದ ಅಂದ್ರೆ ಒಪ್ಪಂದ ಕಣ್ರೀ" ಎಂದು ಅವಳು ಗಂಡನ ಕಡೆ ನೋಡಿದಳು. ದನಿಯಲ್ಲಿ ತುಂಟತನವಿತ್ತೋ ನಿಜವೇ ಇತ್ತೋ ಅವನಿಗೆ ಗೊತ್ತಾಗಲಿಲ್ಲ. "ಅಸಲಿ ಶೋಕೇಸ್‌ಗೆ, ನಕಲಿ ಗುಜರಿಗೆ. ಹೊನ್ನಯ್ಯಣ್ಣಾ, ನಿಮ್ಮ ಕಟಿಂಗ್ ಮಿಷನ್ ತರ್ತೀರಾ?"

"ಪೂಜೆಗಿಟ್ಟ ಮಿಸನ್ನು ಇವತ್ತು ಎತ್ತಬಾರ್ದು ಕಣವ್ವ" ಎಂದ ಹೊನ್ನಯ್ಯ. ಎರಡು ಹೆಜ್ಜೆ ಹೋಗಿ ನಿಂತು, "ಆದ್ರೂ ಪಕ್ಕದ ಮನೆಯೋರು ಕೇಳ್ತಾವ್ರೆ" ಎಂದು ಎತ್ತಲು ಹೋದ.

"ಒಳ್ಳೇ ನಿರ್ಧಾರ. ಬಾಲಕ್ಕೆ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ" ಎಂದು ಮಹಾಂತೇಶ್ ಕಾಫಿ ಎತ್ತಿಕೊಂಡರು.

ಭೀಮರಾಜ್ ಅಲಗನ್ನು ನೋಡಿದ. ಸಂಜೆಯ ಬಿಸಿಲಿಗೆ ಅದರ ಅಂಚಿನ ಅಲೆಗೆರೆ ಬೆಳ್ಳಗೆ ಮಿನುಗುತ್ತಿತ್ತು. ಎಷ್ಟೋ ಸಂಜೆ ಆ ಗೆರೆಯನ್ನೇ ನೋಡುತ್ತಾ ಊಟ ಮರೆತು ಕೂತಿದ್ದ. ಅದರ ಚೆಲುವು ಸುಳ್ಳೆಂದು ಯಾರು ಹೇಳಿದರೂ ಅವನು ನಂಬುವವನಲ್ಲ. ಮಾನ ಹೋದರೆ ಹೋಗಲಿ ಎಂದುಕೊಂಡು ಬಾಯಿಬಿಟ್ಟ.

"ಸಾರ್, ಆ ತುಕ್ಕು ನಾನೂರು ವರ್ಷದ್ದಲ್ಲ. ಇವತ್ತು ಮಧ್ಯಾಹ್ನದ್ದು. ಹಳೇದನ್ನ ನಮ್ಮತ್ತೆ ಉಜ್ಜಿಬಿಟ್ರು. ಇದು ನಾವು ಹಿಡಿಸಿದ್ದು."

"ಊಂ ಸ್ವಾಮಿ" ಎಂದರು ಹನುಮಮ್ಮ ಹೆಮ್ಮೆಯಿಂದ. "ಡಿಕಾಕ್ಸನ್ನು ನಾನೇ ಇಳಿಸಿದ್ದು. ಟೀಚರಮ್ಮ ಔಸ್ತಿ ಉಯ್ದ್ರು."

ಮಹಾಂತೇಶ್ ಕಾಫಿ ಚೆಲ್ಲುವಷ್ಟು ನಕ್ಕರು. "ಅಜ್ಜಿ ಚೆನ್ನಾಗಿ ತಮಾಷೆ ಮಾಡ್ತಾರೆ. ಭೀಮರಾಜ್, ಅಲಗು ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ಬೇಡಿ. ನನ್ನ ಕಣ್ಣು ತುಕ್ಕಿನ ವಿಷಯದಲ್ಲಿ ಒಂದು ಸಲವೂ ತಪ್ಪಿಲ್ಲ."

ಅಷ್ಟರಲ್ಲಿ ಹೊನ್ನಯ್ಯ ಹೂವಿನ ಹಾರ ಸಮೇತ ಮಿಷನ್ ತಂದು ಪ್ಲಗ್ಗಿಗೆ ಸಿಕ್ಕಿಸಿದ. "ಎಲ್ಲಿಗೆ ಕುಯ್ಯಾನ, ಗುರ್ತು ಹಾಕಿಕೊಡಿ" ಎಂದು ಗುಂಡಿ ಒತ್ತಿದ. ಮಿಷನ್ನು ಕಿರ್ರೆಂದು ಕೂಗಿತು.

ಆ ಸದ್ದಿಗೆ ಭೀಮರಾಜನ ಬುದ್ಧಿ ಕೆಟ್ಟಿತು. ಕತ್ತಿಯನ್ನು ಬಾಚಿಕೊಂಡು ಹಿತ್ತಲಿಗೆ ಓಡಿ, ಬಟ್ಟಲಲ್ಲಿ ಉಳಿದಿದ್ದ ಹುಣಸೆಹಣ್ಣನ್ನು ಬಾಲಕ್ಕೆ ಮೆತ್ತಿ, ತೆಂಗಿನ ನಾರು ಹಿಡಿದು ಉಜ್ಜತೊಡಗಿದ. "ನೋಡಿ ಸಾರ್, ಹೊಸ ತುಕ್ಕು ಹೆಂಗೆ ಬಿಡುತ್ತೆ ನೋಡಿ" ಎನ್ನುತ್ತಾ ಉಜ್ಜಿದ. "ಬೇಡ ರೀ, ಬೇಡ" ಎಂದು ಮಹಾಂತೇಶ್ ಬೆನ್ನಟ್ಟಿ ಬಂದರೂ ಬಿಡಲಿಲ್ಲ. ಇಟ್ಟಿಗೆ ಪುಡಿ ಹಾಕಿ, ಉಗುರಿನಿಂದ ಸಂದುಗೊಂದನ್ನೆಲ್ಲ ಕೆರೆದು, ನೀರು ಹುಯ್ದು, ಒರೆಸಿ, ಹೊಳೆಯುವ ಬಾಲವನ್ನು ಅವರ ಮುಖದ ಮುಂದೆ ಹಿಡಿದ. "ಈಗ ನಂಬ್ತೀರಾ?"

ಮಹಾಂತೇಶ್ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಕಣ್ಣಲ್ಲಿ ನೀರಿತ್ತು.

"ನಾನೂರು ವರ್ಷದ್ದು. ನನ್ನ ಕಣ್ಣೆದುರಿಗೇ" ಎಂದರು. "ಅಲಗು ಮೊದಲೇ ನಕಲಿ. ಇದ್ದದ್ದೊಂದು ಬಾಲ, ಅದನ್ನೂ ಕೊಂದ್ರಿ. ನಿಮ್ಮ ಕೈಗೆ ಕತ್ತಿ ಕೊಟ್ಟೋರು ಯಾರ್ರೀ?"

ಉಳಿದ ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಕಾರು ಬೀದಿ ತಿರುಗುವ ಮೊದಲೇ ಭೀಮರಾಜನ ಮೊಬೈಲು ಸದ್ದು ಮಾಡಿತು. ಖಡ್ಗಾಭಿಮಾನಿಗಳ ಗುಂಪಿನಿಂದ ಅವನನ್ನು ತೆಗೆದುಹಾಕಲಾಗಿತ್ತು.

ಹೊನ್ನಯ್ಯ ಮೆಲ್ಲಗೆ ಮಿಷನ್ ಎತ್ತಿಕೊಂಡು ಹೊರಟ, ಹೇಮಲತಾಳಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಯಶೋಧರಾ ಗಂಡನ ಪಕ್ಕ ಬಂದು ಕೂತಳು.

"ಹೋಗ್ಲಿ ಬಿಡಿ. ಆ ಮನುಷ್ಯನಿಗೆ ಏನೂ ಗೊತ್ತಿಲ್ಲ. ಗುಜರಿ ಮಾತು ನಾನು ವಾಪಸ್ ತಗೊಂಡೆ. ಅಸಲಿ ತುಕ್ಕು ಒಂಚೂರಾದ್ರೂ ಉಳಿದಿದ್ರೆ ಬೇರೆ ಯಾರಿಗಾದ್ರೂ ತೋರಿಸಬಹುದಿತ್ತು, ಅಲ್ವಾ?"

"ಚೂರು ಸಾಕಾಗಿತ್ತು ಕಣೇ" ಎಂದ ಭೀಮರಾಜ್. "ಎಲ್ಲಿದೆ?"

ಹನುಮಮ್ಮ ಕತ್ತಿಯನ್ನು ಕೈಗೆತ್ತಿಕೊಂಡು ಬಾಲವನ್ನು ಬೆಳಕಿಗೆ ಹಿಡಿದು, ಹಿಡಿಯ ಮೊಳೆ ಕೂರುವ ತೂತಿನ ಸುತ್ತ ಬೆರಳಾಡಿಸಿದರು. ಅವರ ಮುಖದಲ್ಲಿ ಅಳಿಯನ ಬಗ್ಗೆ ಎಂದೂ ಇರದಿದ್ದ ಮೆಚ್ಚುಗೆ ಮೂಡಿತು.

"ಬೆಳಗ್ಗೆ ಈ ತೂತಿನ ಸುತ್ತ ಒಂದು ಕಾಸಿನಗಲ ಕರೇ ತುಕ್ಕು ಕಚ್ಕಂಡು ಕುಂತಿತ್ತು ಕಣವ್ವ. ಹಳೇದು, ಕಲ್ಲಿನಂಗಿತ್ತು. ನಾನು ಎಷ್ಟು ತಿಕ್ಕಿದ್ರೂ ಬಿಡನಿಲ್ಲ, ಹಾಳಾಗ್ಲಿ ಅಂತ ಬಿಟ್ಟಿದ್ದೆ. ಅಳಿಯಂದ್ರು ಅದ್ನೂ ಬಿಟ್ಟಿಲ್ಲ ನೋಡು."